ನೋಡಿದವರ ಊಟ

೧೯೭೮ರ ಜನವರಿಯಲ್ಲಿ ಮದ್ದೂರಿನ ನಮ್ಮ ಹೈಸ್ಕೂಲಿಗೆ ಮೂರು ದಿನದ ಮಟ್ಟಿಗೆ ಒಂದು ಟೆಲಿವಿಷನ್ ಬಂತು. ಬೆಂಗಳೂರಿನ ಸಂಸ್ಥೆಯೊಂದು ವಿಜ್ಞಾನ ಪ್ರದರ್ಶನಕ್ಕೆಂದು ಎರವಲು ಕೊಟ್ಟದ್ದು. ಒಂದು ಕ್ಯಾಮೆರಾ, ಅದನ್ನು ನಿಲ್ಲಿಸುವ ಮುಕ್ಕಾಲಿ, ಒಂದು ಮೈಕು, ಇಪ್ಪತ್ತು ಇಂಚಿನ ಪೆಟ್ಟಿಗೆ, ಇವುಗಳ ನಡುವೆ ಎಂಬತ್ತು ಅಡಿ ಕೇಬಲ್ಲು. ಆಗ ಮಂಡ್ಯ ಜಿಲ್ಲೆಯ ಆಕಾಶದಲ್ಲಿ ಹಿಡಿಯಬಹುದಾದ ಯಾವ ಚಿತ್ರವೂ ಇರಲಿಲ್ಲ. ಹಾಗಾಗಿ ನಮ್ಮದು ಮನೆಯಲ್ಲೇ ಮಾಡಿ ಮನೆಯಲ್ಲೇ ನೋಡುವ ಟೆಲಿವಿಷನ್. ಕೇಬಲ್ಲಿನ ಈ ತುದಿಯಲ್ಲಿ ನಡೆದದ್ದು ಆ ತುದಿಯಲ್ಲಿ ಕಪ್ಪು ಬಿಳುಪಾಗಿ ಕಾಣುತ್ತಿತ್ತು, ಮೈಕಿನಲ್ಲಿ ಆಡಿದ್ದು ಕೇಳುತ್ತಿತ್ತು, ಅಷ್ಟೇ.

ನಾಲ್ಕು ಶಾಲೆಗಳಿಗೆ ಹೀಗೆ ಕೊಟ್ಟು ನೋಡಿ, ಯಾರು ಚೆನ್ನಾಗಿ ಬಳಸುತ್ತಾರೋ ಅವರಿಗೆ ಆ ಪೆಟ್ಟಿಗೆಯನ್ನು ಬಿಟ್ಟುಬಿಡುವುದು ಸಂಸ್ಥೆಯ ಯೋಜನೆ. ನಿರ್ಧರಿಸಬೇಕಾದವರು ಪಾರ್ಥಸಾರಥಿ ಎಂಬ ಅಧಿಕಾರಿ. ಮೂರನೆಯ ದಿನ ಹನ್ನೊಂದು ಗಂಟೆಗೆ ಬಂದು ಇಪ್ಪತ್ತು ನಿಮಿಷದ ಪ್ರಾತ್ಯಕ್ಷಿಕೆ ನೋಡಿ ಹೊರಡುತ್ತಾರೆ ಎಂದು ಕಾಗದ ಬಂದಿತ್ತು.

ನನಗೆ ಆ ಪೆಟ್ಟಿಗೆ ಬೇಕಾಗಿತ್ತು. ಬಿ.ಎಸ್‌ಸಿ. ಮುಗಿಸಿ ಎಂಟು ವರ್ಷ ವಿಜ್ಞಾನ ಪಾಠ ಮಾಡಿದ್ದೆ. ಅರವತ್ತು ಮಕ್ಕಳಿಗೆ ಒಂದು ಸೂಕ್ಷ್ಮದರ್ಶಕ. ಹತ್ತು ಮಕ್ಕಳು ಕಣ್ಣಿಡುವಷ್ಟರಲ್ಲಿ ಬೆಲ್ಲು ಹೊಡೆಯುತ್ತಿತ್ತು, ಉಳಿದ ಐವತ್ತು ಮಕ್ಕಳು ನಾನು ಬೋರ್ಡಿನ ಮೇಲೆ ಬರೆದ ಸೊನ್ನೆಯನ್ನೇ ಜೀವಕೋಶವೆಂದು ನಂಬಬೇಕಾಗಿತ್ತು. ಅರವತ್ತೂ ಜನ ಒಟ್ಟಿಗೆ ನೋಡಬಲ್ಲ ಕಣ್ಣೊಂದು ಕೈಗೆ ಬಂದು ಮೂರು ದಿನಕ್ಕೇ ಹೊರಟುಹೋಗುವುದು ನನಗೆ ಬೇಕಿರಲಿಲ್ಲ.

ಮೊದಲನೆಯ ದಿನ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಹಿಡಿದು ಕೆರೆಯ ನೀರಿನ ಹನಿಯೊಂದನ್ನು ತೋರಿಸಿದೆ. ಮಕ್ಕಳು ಕೂಗಾಡಿದರು. ದೊಡ್ಡವರಲ್ಲಿ ಯಾರೂ ನಂಬಲಿಲ್ಲ. ಶಾಲೆಯ ಎದುರಿಗೆ ಹಿಟ್ಟಿನ ಮಿಲ್ಲು ಇಟ್ಟಿದ್ದ ನಾಗಯ್ಯ ಪೆಟ್ಟಿಗೆಯ ಹಿಂದಕ್ಕೆ ಹೋಗಿ, ಬಗ್ಗಿ ನೋಡಿ ಬಂದು ತೀರ್ಪು ಕೊಟ್ಟ.

"ಒಳ್ಗೆ ರೀಲು ಮಡ್ಗವ್ರೆ ಕಣ್ರಲಾ. ಟೂರಿಂಗ್ ಟಾಕೀಸ್ನೋರು ಡೇರೆ ಆಕ್ತಾರೆ, ಮೇಷ್ಟ್ರು ಪೆಟ್ಗೆ ಇಟ್ಟವ್ರೆ. ಎಲ್ಲಾ ಒಂದೇ."

ಅವನ ಸಂಶಯ ವೈಜ್ಞಾನಿಕವಾಗಿಯೇ ಇತ್ತು. ಈ ಕ್ಷಣ ನಡೆಯುತ್ತಿರುವುದೇ ಕಾಣುತ್ತಿದೆ ಎಂದು ಸಾಧಿಸಬೇಕಾದರೆ, ನೋಡುವವರಿಗೆ ಗೊತ್ತಿರುವ ಕೆಲಸವನ್ನೇ ತೋರಿಸಬೇಕು. ಬೇಕೆಂದವರು ಎದ್ದು ಹೋಗಿ ತಾಳೆ ನೋಡುವಂತಿರಬೇಕು. ಶಾಲೆಯ ಹಿಂದಿನ ಶೆಡ್ಡಿನಲ್ಲಿ ಅಡುಗೆ ಮಾಡಿಸುವುದು, ಶಾಲೆಯ ದೊಡ್ಡ ಹಾಲಿನಲ್ಲಿ ಜನರನ್ನು ಕೂರಿಸಿ ಅದನ್ನು ನೋಡುವುದು ಎಂದು ತೀರ್ಮಾನಿಸಿದೆವು. ಹೊಗೆ, ವಾಸನೆ ಎರಡೂ ಕಿಟಕಿಯಿಂದ ಬರುತ್ತವೆ, ಅವೇ ಸಾಕ್ಷಿ.

ಉಪ್ಪಿಟ್ಟು ಮಾಡಿ ತೋರಿಸಲು ಹೆಡ್ಮಾಸ್ಟರ ಹೆಂಡತಿ ಪಂಕಜಮ್ಮನವರು ಒಪ್ಪಿದರು, ಹೊಸ ಸೀರೆಯನ್ನೂ ತೆಗೆದಿಟ್ಟರು. ಆದರೆ ಹಿಂದಿನ ಸಂಜೆ ಅವರ ಅತ್ತೆ ಗೋದಮ್ಮನವರು ಅಡ್ಡ ಬಂದರು. "ನೂರು ಜನ ಕಣ್ಣು ಹಾಕಿದ ಉಪ್ಪಿಟ್ಟು ತಿಂದು ನನ್ನ ಮಗ ಬದುಕಬೇಡವೇ?" ಎಂದು ಅವರು ಕೇಳಿದ ಮೇಲೆ ಹೊಸ ಸೀರೆ ಮತ್ತೆ ಬೀರು ಸೇರಿತು.

ಆಗ ನಮ್ಮ ಜವಾನ ಮರಿಸಿದ್ದಯ್ಯ ಬಾಗಿಲ ಬಳಿಯಿಂದಲೇ ಹೇಳಿದ. "ನಮ್ಮನೆಯೋಳು ಬತ್ತಾಳೆ ಸಾ. ಅವಳ್ಗೆ ದೃಷ್ಟಿಗಿಷ್ಟಿ ಬಯ ಇಲ್ಲ. ಆದ್ರೆ ಉಪ್ಪಿಟ್ಟು ಬರಾಕಿಲ್ಲ. ರಾಗಿ ಇಟ್ಟು, ಉಪ್ಸಾರು ಮಾಡ್ತಾಳೆ."

ಹೆಡ್ಮಾಸ್ಟರು ಸ್ವಲ್ಪ ಯೋಚಿಸಿ, "ನೋಡುವುದಕ್ಕೆ ತಾನೆ?" ಎಂದರು.

ಆ ಮಾತಿನ ಅರ್ಥ ಅಲ್ಲಿದ್ದ ಎಲ್ಲರಿಗೂ ತಿಳಿದಿತ್ತು, ಮರಿಸಿದ್ದಯ್ಯನಿಗೆ ಎಲ್ಲರಿಗಿಂತ ಚೆನ್ನಾಗಿ ತಿಳಿದಿತ್ತು. ಗೆಜ್ಜಲಗೆರೆಯ ಆಚೆ ಅವನ ಊರು. ಊರಿನಿಂದ ತುಸು ದೂರದಲ್ಲಿ ಅವನ ಕೇರಿ. ಆ ಕೇರಿಯವರು ಬೇಯಿಸಿದ್ದನ್ನು ಊರಿನವರು ಉಣ್ಣುತ್ತಿರಲಿಲ್ಲ. ಟೆಲಿವಿಷನ್ನಿನ ಒಂದು ಅನುಕೂಲವೆಂದರೆ, ಯಾರು ಮಾಡುವ ಅಡುಗೆಯನ್ನಾದರೂ ಯಾರು ಬೇಕಾದರೂ ಕೂತು ನೋಡಬಹುದು. ಗಾಜಿಗೆ ಮೈಲಿಗೆಯಿಲ್ಲ.

ಮೂರನೆಯ ದಿನ ಬೆಳಿಗ್ಗೆ ಮರಿಸಿದ್ದಯ್ಯನ ಹೆಂಡತಿ ಬೆಳ್ಳಮ್ಮ ಬಂದರು. ನಲವತ್ತರ ಆಸುಪಾಸಿನ ಸಣ್ಣ ಆಳು. ಕಂಕುಳಲ್ಲಿ ಮನೆಯಿಂದಲೇ ತಂದ, ಮುದ್ದೆ ತೊಳಸುವ ಹಿಟ್ಟಿನ ಕೋಲು. ನಾನು ಇರಿಸಿದ್ದ ಮೂರು ಕಲ್ಲುಗಳ ಒಲೆಯನ್ನು ನೋಡಿ, ಒಂದು ಕಲ್ಲನ್ನು ಕಾಲಿನಿಂದ ನಾಲ್ಕು ಬೆರಳು ಆಚೆಗೆ ಸರಿಸಿದರು. ಗಾಳಿ ಯಾವ ಕಡೆಯಿಂದ ಬರುತ್ತದೆಂದು ನಾನು ಯೋಚಿಸಿಯೇ ಇರಲಿಲ್ಲ.

ಹನ್ನೊಂದಕ್ಕೆ ಪಾರ್ಥಸಾರಥಿಯವರ ಜೀಪು ಬಂತು. ಅವರನ್ನು ಹಾಲಿನ ಮುಂದಿನ ಕುರ್ಚಿಯಲ್ಲಿ ಕೂರಿಸಿ ಹೆಡ್ಮಾಸ್ಟರು ಪಕ್ಕದಲ್ಲಿ ಕೂತರು. ನಾನು ಶೆಡ್ಡಿನಲ್ಲಿ ಕ್ಯಾಮೆರಾವನ್ನು ಒಲೆಯತ್ತ ತಿರುಗಿಸಿ, ಮೈಕಿನ ಗುಂಡಿ ಒತ್ತಿ, ಶುರು ಮಾಡಬಹುದೆಂದು ಸನ್ನೆ ಮಾಡಿದೆ.

ಬೆಳ್ಳಮ್ಮ ಶುರು ಮಾಡಲಿಲ್ಲ. "ಇದ್ರಾಗೆ ನಾನು ಕಾಣ್ತೀನಾ ಮೇಷ್ಟ್ರೇ?"

"ಕಾಣ್ತಿದ್ದೀರಮ್ಮ, ಈಗಲೇ."

"ಯಾರ್ಗೆ?"

"ಹಾಲಿನಲ್ಲಿ ಕೂತಿರೋರಿಗೆ."

"ಎಷ್ಟ್ ಜನ ಅವ್ರೆ?"

ಬೆಂಚು ಜೋಡಿಸಿದ್ದ ಮರಿಸಿದ್ದಯ್ಯನೇ ಹೇಳಿದ. "ನೂರರ ಮ್ಯಾಲವ್ರೆ."

ಆಕೆ ಒಲೆಯ ಪಕ್ಕದ ಪಾತ್ರೆಯನ್ನು ನೋಡಿದರು. ಇಪ್ಪತ್ತು ನಿಮಿಷದಲ್ಲಿ ಮುಗಿಯಲೆಂದು ನಾನು ಲೆಕ್ಕ ಹಾಕಿ ಇಟ್ಟದ್ದು. ನಾಲ್ಕು ಮುದ್ದೆಯ ಪಾತ್ರೆ. ಆಮೇಲೆ ನನ್ನನ್ನು ನೋಡಿದರು.

"ಇಷ್ಟ್ರಲ್ಲಿ ನೂರು ಜನ್ಕಾ?"

"ಇದು ಬರೀ ತೋರಿಸೋದಕ್ಕೆ ಬೆಳ್ಳಮ್ಮ."

"ತೋರ್ಸಿ ಮುಚ್ಚಿಡಾಕೆ ಇದೇನ್ ವಡವೆನಾ? ಇಟ್ಟು ಕಣ್ ಮೇಷ್ಟ್ರೇ!" ಆಕೆ ಕೋಲನ್ನು ಗೋಡೆಗೆ ಒರಗಿಸಿಬಿಟ್ಟರು. "ನಮ್ಮಟ್ಟಿ ಬಾಗ್ಲಲ್ಲಿ ಒಬ್ರು ನಿಂತು ಒಲೆ ಕಡೆ ನೋಡುದ್ರೆ, ಒಂದ್ ತುತ್ತು ಉಂಡೋಗು ಅಂತೀವಿ. ನೂರು ಜನ ನೋಡ್ತಾ ಕುಂತವ್ರೆ. ನಾಕ್ ಮುದ್ದೆ ಮಾಡಿ ನಾನ್ ಯಾರ್ ಮಕ ನೋಡ್ಲಿ?"

"ಲೇ, ಸುಮ್ಕೆ ಮಾಡಮ್ಮಿ," ಮರಿಸಿದ್ದಯ್ಯ ಹಲ್ಲು ಕಚ್ಚಿಕೊಂಡು ಹೇಳಿದ. "ಒತ್ತಾದ್ರೆ ಮೇಷ್ಟ್ರ ಪೆಟ್ಗೆ ಓಗ್ಬುಡ್ತದೆ."

"ಓದ್ರೆ ಓಗ್ಲಿ ಬುಡು. ಪೆಟ್ಗೆ ಏನ್ ಅಸ್ಕೊಂಡದಾ?"

ಹಾಲಿನ ಕಡೆಯಿಂದ ದೊಡ್ಡ ನಗು ಕೇಳಿಸಿತು. ಆಗ ನನಗೆ ಮೈಕಿನ ನೆನಪಾಯಿತು. ಗುಂಡಿ ಒತ್ತಿಯೇ ಇತ್ತು. ನಾವಾಡಿದ್ದೆಲ್ಲ ಅಕ್ಷರ ಬಿಡದೆ ಹಾಲಿಗೆ ತಲುಪಿತ್ತು. ಮರುಗಳಿಗೆ ಆ ನಗು ನಿಂತುಹೋಯಿತು. ಅದು ಯಾಕೆ ನಿಂತಿತೆಂದೂ ಅರ್ಥವಾಯಿತು. ಅಲ್ಲಿ ಕೂತಿದ್ದವರನ್ನೆಲ್ಲ ಬೆಳ್ಳಮ್ಮ ಊಟಕ್ಕೆ ಕರೆದಾಗಿತ್ತು. ಕೊಟ್ಟ ಕರೆಯನ್ನು ವಾಪಸ್ ತೆಗೆದುಕೊಳ್ಳುವ ಗುಂಡಿ ಆ ಯಂತ್ರದಲ್ಲಿ ಇರಲಿಲ್ಲ.

ಮೊದಲು ಓಡಿ ಬಂದವನು ನಾಗಯ್ಯ. "ಬೆಳ್ಳಮ್ಮೋ, ಎಷ್ಟ್ ಸೇರು ಇಟ್ಟು ಬೇಕು ಏಳು, ಮಿಲ್ನಲ್ಲಿ ರಾತ್ರಿ ಬೀಸಿದ್ದದೆ." ನನ್ನ ಕಡೆ ತಿರುಗಿ ಕೈ ಮುಗಿದ. "ನಂಬ್ದೆ ಕಣ್ ಮೇಷ್ಟ್ರೇ. ರೀಲ್ನಾಗಿರೋಳು ಯಾವತ್ತಾರಾ ನೋಡೋರ್ನ ಊಟಕ್ಕೆ ಕರ್ದವ್ಳಾ?"

ಅವನ ಹಿಂದೆಯೇ ಚಿಕ್ಕಬೋರಮ್ಮ ಎಂಬ ಮುದುಕಿ ಮಾರಲೆಂದು ತಂದಿದ್ದ ಅವರೆಕಾಯಿ ಕುಕ್ಕೆಯನ್ನು ಹೊತ್ತು ಬಂದರು. "ತಕೋ. ಪೆಟ್ಗೆಲಿ ಬರೀ ಸೊಪ್ಪು ಕಾಣ್ತು. ಕಾಳಿಲ್ದೆ ಅದೆಂಥಾ ಸಾರು?" ಎಂದು ಅಲ್ಲೇ ಕೂತು ಸುಲಿಯತೊಡಗಿದರು. ಟೆಲಿವಿಷನ್ ನೋಡಿ ಅಡುಗೆಯವರಿಗೆ ಕೊರತೆ ಹೇಳಿದ ಮೊದಲಿಗರು ನಮ್ಮ ಜಿಲ್ಲೆಯ ಮಟ್ಟಿಗೆ ಬಹುಶಃ ಅವರೇ. ಸ್ಕೌಟ್ ಕ್ಯಾಂಪಿನ ದೊಡ್ಡ ಪಾತ್ರೆಗಳು ಸ್ಟೋರ್ ರೂಮಿನಿಂದ ಹೊರಬಂದವು.

ಹನ್ನೊಂದು ನಲವತ್ತಕ್ಕೆ ಹೆಡ್ಮಾಸ್ಟರು ಶೆಡ್ಡಿಗೆ ಬಂದಾಗ ಎಸರು ಕೂಡ ಕುದಿದಿರಲಿಲ್ಲ.

"ಅನಂತರಾಮು, ಏನ್ರೀ ಇದು? ಅವರು ವಾಚು ನೋಡ್ತಿದ್ದಾರೆ ಕಣ್ರೀ! ಅರ್ಧ ಗಂಟೆಯಿಂದ ಪೆಟ್ಟಿಗೆಯಲ್ಲಿ ನೀರು ಕಾಯ್ತಾ ಇದೆ. ಆಫ್ ಮಾಡಿ ಅದನ್ನ."

ನನ್ನ ಕೈ ಗುಂಡಿಯ ಮೇಲೆಯೇ ಇತ್ತು. "ಜನ ಎದ್ದು ಹೋಗ್ತಿದ್ದಾರಾ ಸಾರ್?"

ಅವರು ತಡವರಿಸಿದರು. "ಅದೇ ವಿಚಿತ್ರ. ಯಾರೂ ಹೋಗ್ತಾ ಇಲ್ಲ. ಇನ್ನೂ ಬರ್ತಾ ಇದ್ದಾರೆ."

ನಾನು ಕೈ ತೆಗೆದೆ. ಅದು ಧೈರ್ಯವೆಂದು ಹೇಳಲಾರೆ. ನೀರು ಕಾಯುವುದನ್ನು ನೂರು ಜನ ಅರ್ಧ ಗಂಟೆ ನೋಡಿದ್ದಾರೆಂದರೆ, ನೋಡುವುದರ ಬಗ್ಗೆ ನನಗೆ ತಿಳಿಯದ ಏನೋ ಇದೆ ಅನ್ನಿಸಿತು.

ಆಮೇಲಿನ ಒಂದು ಗಂಟೆಯಲ್ಲಿ ನಾನು ಕಂಡದ್ದನ್ನು ಯಾವ ಪ್ರಯೋಗಶಾಲೆಯಲ್ಲೂ ಕಂಡಿಲ್ಲ. ಬೆಳ್ಳಮ್ಮ ನೀರನ್ನು ಅಳೆಯಲಿಲ್ಲ, ಹಿಟ್ಟನ್ನು ಅಳೆಯಲಿಲ್ಲ. ಎಸರಿನ ಸದ್ದನ್ನು ಕೇಳಿದರು. ಮೊದಲು ಸಣ್ಣಗೆ ಹಾಡುತ್ತಿದ್ದ ನೀರು ದಪ್ಪ ದನಿಗೆ ತಿರುಗಿದ ಕ್ಷಣದಲ್ಲಿ ಹಿಟ್ಟನ್ನು ನಡುವೆ ಗುಡ್ಡದಂತೆ ಸುರಿದು, ಕೋಲನ್ನು ಅದರ ನೆತ್ತಿಯಲ್ಲಿ ನೆಟ್ಟು, ಕದಲಿಸದೆ ಬಿಟ್ಟರು. ನೀರು ಕೋಲಿನ ಗುಂಟ ಉಕ್ಕಿ ಗುಡ್ಡವನ್ನು ಸುತ್ತುವುದನ್ನು ಕಾದರು. ಮರಿಸಿದ್ದಯ್ಯ ಕವೆಗೋಲಿನಿಂದ ಪಾತ್ರೆಯನ್ನು ಒತ್ತಿ ಹಿಡಿದ. ಆಕೆ ಎರಡು ಕೈಯಲ್ಲೂ ಕೋಲು ಹಿಡಿದು ತೊಳಸಿದರು. ಆ ಸಣ್ಣ ದೇಹದ ತೂಕವೆಲ್ಲ ಹಿಮ್ಮಡಿಯಿಂದ ಹೊರಟು ಹೆಗಲಿಗೆ ಬಂದು ಕೋಲಿನ ತುದಿಗೆ ಇಳಿಯುತ್ತಿತ್ತು. ಸನ್ನೆಗೋಲಿನ ಪಾಠಕ್ಕೆ ನಾನು ಎಂಟು ವರ್ಷ ಕೊಟ್ಟ ಉದಾಹರಣೆಗಳೆಲ್ಲ ಎಷ್ಟು ಬಡವಾಗಿದ್ದವು! ಇಂಥ ನಾಲ್ಕು ಪಾತ್ರೆ. ಪ್ರತಿ ಸಲವೂ ಅದೇ ಸದ್ದಿಗೆ ಕಾದರು, ನೋಡುವವರು ಕಾಯುತ್ತಿದ್ದಾರೆಂದು ಒಂದು ಕ್ಷಣವೂ ಅವಸರ ಮಾಡಲಿಲ್ಲ.

ನೀರು ಸವರಿದ ಹಲಗೆಯ ಮೇಲೆ ಮುದ್ದೆಗಳು ಉರುಳಿ ಸಾಲಾದವು. ನನಗೆ ತಡೆಯಲಾಗದೆ ಲ್ಯಾಬಿನ ಸ್ಪ್ರಿಂಗ್ ತ್ರಾಸು ತಂದು ಬೇರೆಬೇರೆ ಪಾತ್ರೆಯ ಮೂರು ಮುದ್ದೆಗಳನ್ನು ತೂಗಿದೆ. ವ್ಯತ್ಯಾಸ ಹತ್ತು ಗ್ರಾಂ ಮೀರಲಿಲ್ಲ.

"ಏನ್ ಮೇಷ್ಟ್ರೇ, ಮೋಸ ಅದಾ?" ಎಂದು ಬೆಳ್ಳಮ್ಮ ಕೇಳಿದರು.

"ಇಲ್ಲಮ್ಮ. ತ್ರಾಸಿನ ಮೇಲೇ ಅನುಮಾನ ಬರ್ತಿದೆ."

ಮುದ್ದೆಗಳನ್ನು ಮುಟ್ಟಿದೆ, ತೂಗಿದೆ, ಮೆಚ್ಚಿದೆ. ತಿನ್ನುವ ಯೋಚನೆ ಮಾತ್ರ ನನಗೆ ಬರಲಿಲ್ಲ.

ಒಂದು ಗಂಟೆಯ ಹೊತ್ತಿಗೆ ಹಾಲಿನಲ್ಲಿ ಬೆಂಚುಗಳನ್ನು ಸರಿಸಿ ಸಾಲಾಗಿ ಮುತ್ತುಗದೆಲೆ ಹಾಕಿದರು. ದೊಡ್ಡ ತರಗತಿಯ ಹುಡುಗರು ಮುದ್ದೆ, ಸಾರು ಹೊತ್ತು ಹೋದರು. ನಾನು ಕಿಟಕಿಯಿಂದ ನೋಡಿದೆ. ಬಹಳ ಜನ ಕೂತಿದ್ದರು. ಬಾಗಿಲ ಬಳಿ ಎಂಟು ಹತ್ತು ಮಂದಿ ಟವೆಲನ್ನು ಹೆಗಲಿಂದ ಹೆಗಲಿಗೆ ಬದಲಾಯಿಸುತ್ತ, ಕೂರುವುದೂ ಇಲ್ಲ, ಹೋಗುವುದೂ ಇಲ್ಲ ಎಂಬಂತೆ ನಿಂತಿದ್ದರು. ಹೆಡ್ಮಾಸ್ಟರಿಗೆ ಆಫೀಸಿನಲ್ಲಿ ಏನೋ ಕೆಲಸ ನೆನಪಾಗಿತ್ತು. ಪಾರ್ಥಸಾರಥಿಯವರು ಕುರ್ಚಿಯಲ್ಲಿಯೇ ಇದ್ದರು. ನನ್ನ ಪೆಟ್ಟಿಗೆ ಆ ಕುರ್ಚಿಯ ಮೇಲೆ ಕೂತಿದೆ ಎಂದು ನನಗನ್ನಿಸಿತು. ಅವರು ಎದ್ದು ಜೀಪು ಹತ್ತಿದರೆ ಅದೂ ಹತ್ತಿದಂತೆ.

ಶೆಡ್ಡಿನಲ್ಲಿ ಬೆಳ್ಳಮ್ಮ ಕೈ ತೊಳೆದು ಕಂಬಕ್ಕೆ ಒರಗಿ ಕೂತಿದ್ದರು. ಮುಖದಲ್ಲಿ ಸಮಾಧಾನವಿರಲಿಲ್ಲ.

"ಅವ್ರು ನನ್ನ ನೋಡುದ್ರು. ನಾನು ಅವ್ರ ನೋಡ್ನಿಲ್ವಲ್ಲ ಮೇಷ್ಟ್ರೇ. ಉಂಡ್ರೋ ಬುಟ್ರೋ ಎಂಗ್ ಗೊತ್ತಾಗ್ಬೇಕು?"

"ಬನ್ನಿ, ಹಾಲಿಗೇ ಹೋಗಿ ನೋಡೋಣ."

ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿದರು. ಮರಿಸಿದ್ದಯ್ಯ ಹೇಳಿದ. "ಬ್ಯಾಡಿ ಸಾ. ಅವ್ಳು ಎದ್ರುಗೆ ನಿಂತ್ರೆ ಉಣ್ಣೋರ್ಗೂ ಬಾಯಿ ಕಟ್ತದೆ. ನೋಡ್ದೆ ಇದ್ರೆ ನಾಕ್ ಜನ ಎಚ್ಚಾಗಿ ಉಂಡಾರು."

ಅವನು ಅದನ್ನು ತಣ್ಣಗೆ ಹೇಳಿದ. ನಾನು ಕ್ಯಾಮೆರಾ ಕಡೆ ನೋಡಿದೆ. ಒಮ್ಮೆ ಇಟ್ಟ ಜಾಗದಿಂದ ಕದಲಿಸಬಾರದು ಎಂದು ಸಂಸ್ಥೆಯವರು ಕೊಟ್ಟ ಹಾಳೆಯಲ್ಲಿ ಅಚ್ಚು ಹಾಕಿತ್ತು. ನಾನು ಅದನ್ನು ಆಫ್ ಮಾಡಿ, ಮುಕ್ಕಾಲಿ ಸಮೇತ ಎತ್ತಿಕೊಂಡೆ. ಪೆಟ್ಟಿಗೆ ಶೆಡ್ಡಿಗೆ ಬಂತು, ಕ್ಯಾಮೆರಾ ಹಾಲಿಗೆ ಹೋಯಿತು. ಕೇಬಲ್ಲಿಗೆ ದಿಕ್ಕಿನ ಹಟವೇನೂ ಇರಲಿಲ್ಲ.

ಹಾಲಿನಲ್ಲಿ ಕ್ಯಾಮೆರಾವನ್ನು ಸಾಲುಗಳತ್ತ ನಿಲ್ಲಿಸಿ, "ಈಗ ನೀವೆಲ್ಲ ಕಾಣ್ತಿದ್ದೀರಿ. ಬೆಳ್ಳಮ್ಮ ನೋಡ್ತಿದ್ದಾರೆ," ಎಂದು ಕೂಗಿ ಹೇಳಿ, ಚಿತ್ರ ಸರಿಯಾಗಿದೆಯೇ ಎಂದು ನೋಡಲು ಶೆಡ್ಡಿಗೆ ಓಡಿದೆ.

ಚಿತ್ರ ಬಂದಿತ್ತು. ಸಾಲು, ಎಲೆ, ಮುಖ, ಎಲ್ಲವೂ. ಆದರೆ ಎಲ್ಲದರ ಮೇಲೂ ಮಾಸಲಾಗಿ ಇನ್ನೊಂದು ಚಿತ್ರ ಕೂತಿತ್ತು: ಮೂರು ಕಲ್ಲು, ನಡುವೆ ಉರಿಯ ಆಕಾರ.

"ಇದೇನ್ ಮೇಷ್ಟ್ರೇ," ಬೆಳ್ಳಮ್ಮ ಮೂಗಿನ ಮೇಲೆ ಬೆರಳಿಟ್ಟರು. "ನಮ್ಮೊಲೆ ಓಗಿ ಅವ್ರ ಎದೆ ಮ್ಯಾಲೆ ಕುಂತದೆ?"

ಕ್ಯಾಮೆರಾದ ಒಳಗಿನ ಟ್ಯೂಬು ಒಂದೇ ಬೆಳಕನ್ನು ಬಹಳ ಹೊತ್ತು ನೋಡಿದರೆ ಸುಟ್ಟುಹೋಗುತ್ತದೆ. ಆ ಗುರುತು ಮತ್ತೆ ಅಳಿಯುವುದಿಲ್ಲ. ಇಪ್ಪತ್ತು ನಿಮಿಷವಾಗಿದ್ದರೆ ಏನೂ ಆಗುತ್ತಿರಲಿಲ್ಲ. ಉರಿಯುವ ಒಲೆಯನ್ನು ಅದು ಹೆಚ್ಚು ಕಡಿಮೆ ಎರಡು ಗಂಟೆ ಕಣ್ಣು ಮಿಟುಕಿಸದೆ ನೋಡಿತ್ತು. ನಾನು ಎರವಲು ತಂದ ಕಣ್ಣನ್ನು ನಾನೇ ಕೆಡಿಸಿದ್ದೆ. ಪೆಟ್ಟಿಗೆ ಇನ್ನು ಉಳಿಯುವ ಮಾತೇ ಇರಲಿಲ್ಲ.

ಹಾಲಿಗೆ ಮರಳಿ ಕ್ಯಾಮೆರಾದ ಹಿಂದೆ ನಿಂತೆ. ಅಷ್ಟರಲ್ಲಿ ಅಲ್ಲಿ ಬದಲಾವಣೆಯಾಗಿತ್ತು. ಕೂತವರು ಬೆನ್ನು ನೆಟ್ಟಗೆ ಮಾಡಿದ್ದರು, ಅಂಗಿಯ ಗುಂಡಿ ಹಾಕಿಕೊಂಡಿದ್ದರು. ಬಾಗಿಲ ಬಳಿಯವರಲ್ಲಿ ಮೂವರು ಹೊರಗೆ ಹೋದರು. ಉಳಿದವರು ಮಸೂರದ ಕಡೆ ಒಮ್ಮೆ ನೋಡಿ, ಖಾಲಿ ಎಲೆಗಳ ಮುಂದೆ ಕೂತರು. ಹೆಡ್ಮಾಸ್ಟರು ಕೋಟು ಹಾಕಿಕೊಂಡು ಬಂದು ಚಕ್ಕಳಮಕ್ಕಳ ಹಾಕಿ ಕೂತರು. ಪಾರ್ಥಸಾರಥಿಯವರು ಕುರ್ಚಿಯಿಂದ ಇಳಿದು, ಕನ್ನಡಕ ಒರೆಸಿಕೊಂಡು, ಅವರ ಪಕ್ಕದಲ್ಲೇ ಕೂತರು. ಟೆಲಿವಿಷನ್ನಿನ ಬಗ್ಗೆ ಆಮೇಲೆ ಬಹಳ ಆಕ್ಷೇಪಣೆಗಳನ್ನು ಕೇಳಿದ್ದೇನೆ, ನಾನೂ ಮಾಡಿದ್ದೇನೆ. ಆದರೆ ಅವತ್ತು ಅದರ ಮುಂದೆ ಮನುಷ್ಯರು ತಾವಿದ್ದದ್ದಕ್ಕಿಂತ ಒಂದು ಗೇಣು ಎತ್ತರವಾದದ್ದನ್ನು ಕಣ್ಣಾರೆ ಕಂಡೆ.

ಮರಿಸಿದ್ದಯ್ಯ ಬಾಗಿಲಿಗೆ ಬಂದ. "ಮೇಷ್ಟ್ರು ಕಾಣ್ನಿಲ್ವಲ್ಲ ಅಂತ ಕೇಳ್ತಾವ್ಳೆ ಸಾ."

"ನಾನು ಕ್ಯಾಮೆರಾ ನೋಡ್ಕೋಬೇಕಲ್ಲಪ್ಪ."

"ಅದ್ನೇ ಏಳ್ದೆ ಸಾ. ಅದ್ಕೆ ಮೂರು ಕಾಲವಲ್ಲ, ತಾನೇ ನಿಂತ್ಕತದೆ ಅಂದ್ಲು."

ಕ್ಯಾಮೆರಾ ಹಿಡಿದವನೊಬ್ಬನೇ ಚಿತ್ರದಲ್ಲಿ ಇರುವುದಿಲ್ಲ. ಎಲ್ಲರನ್ನೂ ಕೂರಿಸಿ, ಕೂರದೆ ಉಳಿಯುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಮಳವಳ್ಳಿಯ ಅಗ್ರಹಾರದಲ್ಲಿ ನಮ್ಮಮ್ಮ ಪದ್ಮಮ್ಮ ಆಗಲೂ ಮಡಿಯಲ್ಲೇ ಅಡುಗೆ ಮಾಡುತ್ತಿದ್ದರು. ನಾನು ಅದನ್ನೆಲ್ಲ ದಾಟಿದವನೆಂದು ನಂಬಿಕೊಂಡಿದ್ದೆ. ಎಂಟು ವರ್ಷ ಮರಿಸಿದ್ದಯ್ಯ ತಂದುಕೊಟ್ಟ ಹೋಟೆಲಿನ ಕಾಫಿ ಕುಡಿದಿದ್ದೆ. ಅವನ ಮನೆಯ ಒಂದು ತುತ್ತು ತಿಂದಿರಲಿಲ್ಲ, ತಿಂದಿಲ್ಲವೆಂಬುದು ನೆನಪಿಗೂ ಬಂದಿರಲಿಲ್ಲ. ಎರಡು ಗಂಟೆ ಆಕೆಯ ಕೈಯನ್ನು ನನ್ನಷ್ಟು ಹತ್ತಿರದಿಂದ ನೋಡಿದವನು ಆ ಹಾಲಿನಲ್ಲಿ ಇನ್ನೊಬ್ಬನಿರಲಿಲ್ಲ.

ಮುಕ್ಕಾಲಿಯ ತಿರುಪು ಬಿಗಿ ಮಾಡಿ ಹೋಗಿ ಪಾರ್ಥಸಾರ​ಥಿಯವರ ಪಕ್ಕದ ಎಲೆಗೆ ಕೂತೆ.

ಮುದ್ದೆ ಮುರಿದು ಬಾಯಿಗಿಟ್ಟೆ. ಅದು ಹಲ್ಲಿಗೆ ಮೆತ್ತಿಕೊಂಡು ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಪಕ್ಕದಲ್ಲಿ ಪಾರ್ಥಸಾರಥಿಯವರ ದವಡೆಯೂ ಅದೇ ಸ್ಥಿತಿಯಲ್ಲಿತ್ತು.

"ಅಗೀಬ್ಯಾಡಿ ಸಾ, ಅದೇನ್ ಕಡ್ಲೆಪುರಿನಾ?" ಎದುರು ಸಾಲಿನಿಂದ ನಾಗಯ್ಯ ಕೂಗಿದ. "ಸಾರ್ನಲ್ಲಿ ಒಳ್ಳಾಡ್ಸಿ ನುಂಗ್ಬುಡಿ. ಹಿಂಗೆ." ಅವನು ನುಂಗಿ ತೋರಿಸಿದ. ಸಾಲಿಗೆ ಸಾಲೇ ನಕ್ಕಿತು.

ನುಂಗಿದೆ. ಅವರೆಕಾಳಿನ ಸಾರು, ಅರೆದ ಖಾರ, ಬಿಸಿ ಮುದ್ದೆ ಗಂಟಲಲ್ಲಿ ಇಳಿದ ದಾರಿಯೆಲ್ಲ ಗೊತ್ತಾಯಿತು. ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಹೇಳಿಬಿಟ್ಟೆ. "ಸಾರ್, ಟ್ಯೂಬು ಸುಟ್ಟಿದೆ. ಒಲೆಯ ಗುರುತು ಕೂತಿದೆ."

ಅವರು ಎರಡನೆಯ ತುತ್ತನ್ನು ಸರಿಯಾಗಿ ನುಂಗಿದ ಮೇಲೆ ಮಾತಾಡಿದರು. "ಎಷ್ಟು ಹೊತ್ತು ಇಟ್ಟಿದ್ರಿ?"

"ಹನ್ನೊಂದರಿಂದ ಒಂದರ ತನಕ."

"ಹಾಗಾದ್ರೆ ಇದನ್ನ ಇನ್ನೊಂದು ಶಾಲೆಗೆ ಕೊಡೋ ಹಾಗಿಲ್ಲ. ವಾಪಸ್ ತಗೊಂಡು ಹೋದ್ರೆ ನಾನು ಹತ್ತು ಕಾಗದ ಬರೀಬೇಕು. ಇಲ್ಲೇ ಬಿಟ್ರೆ ಒಂದು." ಇನ್ನಷ್ಟು ಸಾರಿಗೆ ಕೈ ತೋರಿಸಿದರು. "ಮೂರು ಶಾಲೆ ನೋಡಿ ಬಂದೆ ಅನಂತರಾಮು. ಇಪ್ಪತ್ತು ನಿಮಿಷಕ್ಕೇ ಎಲ್ಲರೂ ಆಕಳಿಸ್ತಿದ್ರು. ಕಲೆ ಇರೋ ಚಿತ್ರ ಪರವಾಗಿಲ್ಲ ಅಂತ ಬರೆದುಕೊಡಿ, ಸಾಕು."

ನಾನು ಎಡಗೈಯಲ್ಲಿ ಜೇಬಿನ ಪೆನ್ನು ತಡಕುತ್ತಿದ್ದಾಗ ಮರಿಸಿದ್ದಯ್ಯ ಮತ್ತೆ ಬಂದು ಕಿವಿಯ ಬಳಿ ಬಗ್ಗಿದ.

"ಮೇಷ್ಟ್ರ ಎಲೇಲಿ ಅರ್ಧ ಮುದ್ದೆ ಅಂಗೇ ಅದಂತೆ ಸಾ. ಎಲ್ರದೂ ಆಯ್ತು. ನೀವು ಉಂಡೇಳಾಗಂಟ ಅವ್ಳು ಉಣ್ಣಾಕಿಲ್ಲ."

"ಈಗ ಉಣ್ತೀನಿ."

"ಉಣ್ತಾರಂತೆ ಅಂತ ಏಳ್ಬುಡ್ಲಾ?"

"ಬೇಡಪ್ಪ," ಎಂದೆ. "ಅವರೇ ನೋಡ್ತಿದ್ದಾರಲ್ಲ."

ಉಳಿದ ಅರ್ಧವನ್ನು ಮುರಿದು, ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗಿದೆ.